ದೇವರ ಕೋಣೆಯ ಗಂಟಿನ ಮೇಲೆ ಇಂಗ್ಲಿಷ್ ಅಕ್ಷರ: ‘ಐ ಎಚ್ ಎಸ್’ ಅಂದರೆ ಯಾವ ಹಡಗು?

ತ್ರಾಸಿ ಟೈಲರ್:

ಇಲ್ಲಿ ಹಳೆಯ ಮೆಡಲು, ನಾಣ್ಯ ನೋಡಿ ಗುರುತು ಹೇಳುವವರಿದ್ದಾರೆ ಎಂದು ಮಗ ಹೇಳಿದ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಕುಂದಾಪುರದ ಹತ್ತಿರ ತ್ರಾಸಿಯವಳು. ಮೂವತ್ತು ವರ್ಷದಿಂದ ಹೊಲಿಗೆ ಕೆಲಸ. ಅದು ಬಿಟ್ಟರೆ ಬೇರೆ ವಿದ್ಯೆ ಇಲ್ಲ, ಹಾಗಾಗಿ ಮಾತಿನಲ್ಲಿ ಸೂಜಿ ದಾರ ಜಾಸ್ತಿ ಬಂದರೆ ಸಹಿಸಿಕೊಳ್ಳಿ.

ನಮ್ಮ ಅಜ್ಜಿಯ ಅಣ್ಣ, ನಾವು ದೊಡ್ಡಜ್ಜ ಅನ್ನುತ್ತಿದ್ದೆವು, ಎರಡನೇ ಮಹಾಯುದ್ಧದ ಹೊತ್ತಿಗೆ ನೌಕಾಪಡೆಯಲ್ಲಿದ್ದವರು. ಮದುವೆ ಆಗಲಿಲ್ಲ. ಯುದ್ಧ ಮುಗಿಸಿ ಬಂದವರು ಮತ್ತೆ ದೋಣಿ ಹತ್ತಲಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿ, ಕಡಲಿಗೆ ಬೆನ್ನು ಹಾಕಿ ಕೂತು ರಸ್ತೆ ಬದಿಯಲ್ಲಿ ಗೋಲಿ ಸೋಡ ಮಾರಿದರು. 1987ರಲ್ಲಿ ತೀರಿಕೊಂಡರು. ಯುದ್ಧದ ಮಾತು ಆಡಿದ್ದು ನಾನಂತೂ ಕೇಳಿಲ್ಲ. ಸೋಡ ಬಾಟಲಿಯ ಗೋಲಿ ಒತ್ತುವ ಅವರ ಹೆಬ್ಬೆರಳು ಮಾತ್ರ ಚೆನ್ನಾಗಿ ನೆನಪಿದೆ.

ಹೋದ ತಿಂಗಳು ಮಾಡು ರಿಪೇರಿಗೆಂದು ಅಟ್ಟ ಖಾಲಿ ಮಾಡುವಾಗ ಅವರ ತಗಡಿನ ಟ್ರಂಕು ಇಳಿಸಿದೆವು. ಒಳಗಿದ್ದದ್ದು: ಆರು ಮೂಲೆಯ ಎರಡು ನಕ್ಷತ್ರದ ಮೆಡಲು (ಒಂದರ ಮೇಲೆ 1939–1945, ಇನ್ನೊಂದರ ಮೇಲೆ ಬರ್ಮಾ ಸ್ಟಾರ್ ಎಂದಿದೆಯಂತೆ, ಮಗ ಓದಿದ), ದುಂಡಗಿನ ಬಿಳಿ ಮೆಡಲು ಒಂದು, ಚರ್ಮದ ಚೀಲದಲ್ಲಿ ಒಂದು ಮಡಚುವ ಚೂರಿ, ಕಪ್ಪು ರೇಷ್ಮೆಯ ಟೋಪಿಪಟ್ಟಿ, ಅದರಲ್ಲಿ ಬಂಗಾರದ ಬಣ್ಣದ ನೇಯ್ಗೆಯಲ್ಲಿ ‘ಎಚ್ ಎಂ ಐ ಎಸ್’. ಮೂರು ಜನ ನಾವಿಕರ ಒಂದು ಫೋಟೋ. ಹಿಂದೆ ಪೆನ್ಸಿಲಿನಲ್ಲಿ ಗ್ಲಾಸ್ಗೋ, 1943. ನಡುವೆ ನಿಂತವರು ದೊಡ್ಡಜ್ಜ, ಉಳಿದಿಬ್ಬರು ಯಾರೋ.

ಇಷ್ಟು ಟ್ರಂಕಿನದು. ನನ್ನ ಪ್ರಶ್ನೆ ಟ್ರಂಕಿನಲ್ಲಿ ಇಲ್ಲದಿದ್ದ ವಸ್ತುವಿನ ಬಗ್ಗೆ.

ನಮ್ಮ ದೇವರ ಕೋಣೆಯಲ್ಲಿ, ನಂದಾದೀಪದ ಪಕ್ಕದ ಮೊಳೆಗೆ, ಒಂದು ಪುಟ್ಟ ಬಟ್ಟೆಯ ಗಂಟು ತೂಗುತ್ತದೆ. ದೊಡ್ಡಜ್ಜ ಹಡಗಿನಲ್ಲಿ ಕೊರಳಿಗೆ ಹಾಕಿಕೊಂಡಿದ್ದದ್ದು. ಬಂದ ವರ್ಷವೇ ತಂಗಿಯ ಕೈಗೆ, ಅಂದರೆ ನಮ್ಮಜ್ಜಿಗೆ ಕೊಟ್ಟರಂತೆ. ಮರವಂತೆ ಮಾರಸ್ವಾಮಿ ಪ್ರಸಾದ ಎಂದೇ ನಾವು ನಂಬಿಕೊಂಡು ಬಂದದ್ದು. ಹೊರಗಿನವರಿಗೆ ಹೇಳುವುದಾದರೆ, ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಅಲ್ಲಿ ವರಾಹಸ್ವಾಮಿಯ ಗುಡಿ. ದೋಣಿಯವರೆಲ್ಲ ನಡೆದುಕೊಳ್ಳುವ ದೇವರು. ಗಂಟಿನ ಮೇಲೆ ನಾಲ್ಕು ಕಾಲಿನ ಒಂದು ಪ್ರಾಣಿ ಇದೆ, ಅದು ವರಾಹ ಎಂದು ಅಜ್ಜಿ ಹೇಳುತ್ತಿದ್ದರು. ಮನೆಯಲ್ಲಿ ಹೆರಿಗೆ ಇದ್ದರೆ ಇದನ್ನು ಬಾಣಂತಿಯ ದಿಂಬಿನಡಿ ಇಡುವುದು ರೂಢಿ. ನಾನು ಹುಟ್ಟುವಾಗ ಇಟ್ಟಿದ್ದರು. ನನ್ನ ಮಗ ಹುಟ್ಟುವಾಗ ಆಸ್ಪತ್ರೆಗೂ ಅಮ್ಮ ತಂದಿದ್ದರು. ನರ್ಸ್ ಬಂದಾಗಲೆಲ್ಲ ಸೆರಗಿನಲ್ಲಿ ಮುಚ್ಚಿಕೊಳ್ಳುವುದು.

ಟೋಪಿಪಟ್ಟಿ ನೋಡಿದ ಮೇಲೆ ನನಗೆ ಏನೋ ಹೊಳೆದು, ಗಂಟನ್ನು ಇಳಿಸಿ ಮೆತ್ತನೆ ಬ್ರಷ್‌ನಲ್ಲಿ ಕುಂಕುಮ ಒರೆಸಿದೆ. ಎಷ್ಟು ವರ್ಷದ ಕುಂಕುಮವೋ. ಕೆಳಗೆ ಇಂಗ್ಲಿಷ್ ಅಕ್ಷರ ಬಂತು: ಐ ಎಚ್ ಎಸ್. ಎಚ್ ಅಕ್ಷರದ ಅಡ್ಡಗೆರೆಯ ಮೇಲೆ ಒಂದು ಕಂಬದ ಹಾಗೆ, ಅದಕ್ಕೂ ಒಂದು ಅಡ್ಡಪಟ್ಟಿ. ಹಡಗಿನ ಕೂವೆಕಂಬ ಇರಬೇಕು ಅಂದುಕೊಂಡೆ.

ಈಗ ಹೊಲಿಗೆಯ ವಿವರ. ಹೃದಯದ ಆಕಾರ, ಅಗಲದಲ್ಲಿ ಹಳೇ ಐದು ರೂಪಾಯಿ ನಾಣ್ಯಕ್ಕಿಂತ ಒಂದು ನೂಲು ದೊಡ್ಡದು. ಕೆಂಪು ಸ್ಯಾಟಿನ್, ಈಗ ಒಣಗಿದ ಮುರುಗಲ ಸಿಪ್ಪೆಯ ಬಣ್ಣ. ಅಂಚಿಗೆ ಹಳದಿ ರೇಷ್ಮೆ ದಾರದಲ್ಲಿ ಕಾಜಾ ಹೊಲಿಗೆ. ಭೂತಗನ್ನಡಿ ಇಟ್ಟು ಎಣಿಸಿದೆ, ಒಂದು ಇಂಚಿಗೆ ಮೂವತ್ತೆರಡು ಎಳೆ! ನನಗೆ ಇಪ್ಪತ್ತು ದಾಟಿದರೆ ಕಣ್ಣು ಕತ್ತಲೆ ಬರುತ್ತದೆ. ಇದು ಹೊಟ್ಟೆಪಾಡಿಗೆ ಹೊಲಿದವರ ಕೈ ಅಲ್ಲ, ಇಷ್ಟು ಹೊತ್ತು ಯಾರಿಗೆ ಇರುತ್ತದೆ. ಆದರೆ ಒಂದು ಬದಿಯಲ್ಲಿ, ಒಂದಿಂಚು ಉದ್ದಕ್ಕೆ, ಹೊಲಿಗೆ ಪೂರಾ ಬೇರೆ. ದಪ್ಪ ಸೆಣಬಿನಂಥ ದಾರ, ಮೀನಿನ ಮುಳ್ಳಿನ ಹಾಗೆ ಅತ್ತ ಇತ್ತ ದಾಟಿ ಹೋಗುವ ಹೊಲಿಗೆ. ಒರಟು, ಆದರೆ ಬಲು ಬಿಗಿ. ಎರಡು ಕೈ ಹೊಲಿದದ್ದು ಇದು, ಅದರಲ್ಲಿ ನನಗೆ ಅನುಮಾನ ಇಲ್ಲ.

ಒಳಗೆ ಏನೋ ಗಟ್ಟಿ ಚೂರು ಇದೆ, ಒತ್ತಿದರೆ ಕಲ್ಲುಸಕ್ಕರೆಯ ಹಾಗೆ ಒಂದಕ್ಕೊಂದು ತಾಗುತ್ತದೆ. ಹೊಲಿಗೆಯ ಸಂದಿಯಲ್ಲಿ ಬಿಳೀ ಪುಡಿ. ಕರ್ಪೂರವೋ, ಬೂಸ್ಟೋ ಗೊತ್ತಿಲ್ಲ. ಮೂಸಿದರೆ ಮೇಣದ ವಾಸನೆ, ಆದರೆ ಅದು ದಾರದ್ದು ಅನ್ನಿಸುತ್ತದೆ. ಕೋಟಿನ ಗುಂಡಿ ಹಾಕುವ ದಾರಕ್ಕೆ ನಾವೂ ಮೇಣ ಉಜ್ಜುತ್ತೇವಲ್ಲ.

ಐ ಎಚ್ ಎಸ್ ಎನ್ನುವ ಹಡಗು ಇತ್ತೇ? ಅಥವಾ ಹಡಗಿನವರು ಕೊಡುತ್ತಿದ್ದ ಬಿಲ್ಲೆಯೇ? ಬಿಚ್ಚಿ ನೋಡಿ ಅನ್ನಬೇಡಿ, ಅಮ್ಮ ಬಿಡುವುದಿಲ್ಲ.

ಕೋಡಿ ಹುಡುಗ:

ಅಕ್ಕ, ತಾಯಿತ ಅದು. ನಮ್ಮ ಮನೆಯಲ್ಲೂ ಇತ್ತು, ಒಳಗೆ ತಾಮ್ರದ ತಗಡು ಸುತ್ತಿಟ್ಟಿದ್ದರು. ಪ್ರಾಣಿ ಇದೆ ಅಂದಿರಲ್ಲ, ಹಂದಿ ರೂಪದ ದೈವ ಪಂಜುರ್ಲಿ ಯಾಕಾಗಬಾರದು? ಟೈಲರ್ ನೀವೇ ಆದ ಮೇಲೆ ಬಿಚ್ಚಿ ನೋಡಿ ಮತ್ತೆ ಹೊಲಿದರೆ ಅಮ್ಮನಿಗೆ ಗೊತ್ತಾಗುವುದುಂಟಾ?

ತ್ರಾಸಿ ಟೈಲರ್:

ಹೊಸ ಬಟ್ಟೆಯಾದರೆ ಗೊತ್ತಾಗುವುದಿಲ್ಲ ಮಾರಾಯ. ಇದರ ಸ್ಯಾಟಿನ್ ಸುಟ್ಟ ಹಪ್ಪಳದಂತಾಗಿದೆ, ಹಳೇ ತೂತಿನಲ್ಲೇ ಸೂಜಿ ಹಾಕಿದರೂ ಹರಿಯುತ್ತದೆ. ಅಮ್ಮ ಬೇರೆ ‘ಅದ್ ಬಿಚ್ಚುಕಾಗ’ ಅಂತ ಬಾಗಿಲಿಗೆ ಅಡ್ಡ ಕೂತಿದ್ದಾರೆ.

ಪಟ್ಟಿ ಮೆಡಲು:

ಮೇಡಂ, ಮೊದಲು ಹಡಗಿನ ವಿಷಯ ಮುಗಿಸೋಣ. ‘ಎಚ್ ಎಂ ಐ ಎಸ್’ ಅಂದರೆ ಹಿಸ್ ಮೆಜೆಸ್ಟೀಸ್ ಇಂಡಿಯನ್ ಶಿಪ್, ಆಗಿನ ರಾಯಲ್ ಇಂಡಿಯನ್ ನೇವಿಯ ಹಡಗುಗಳ ಹೆಸರಿನ ಹಿಂದೆ ಬರುತ್ತಿದ್ದ ಅಕ್ಷರ. ಟೋಪಿಪಟ್ಟಿಯಲ್ಲಿ ಹಡಗಿನ ಹೆಸರೇ ಇಲ್ಲದಿರುವುದು ಕೊರತೆಯಲ್ಲ. ಬಂದರಿನಲ್ಲಿ ಟೋಪಿ ನೋಡಿ ಯಾವ ಹಡಗು ಬಂದಿದೆ ಎಂದು ಶತ್ರುವಿನ ಗೂಢಚಾರ ತಿಳಿಯಬಾರದು ಎಂದು ಯುದ್ಧ ಕಾಲದಲ್ಲಿ ಹೆಸರು ಬಿಡುತ್ತಿದ್ದರು. ಆದರೆ ‘ಐ ಎಚ್ ಎಸ್’ ಹಡಗಿನ ಅಕ್ಷರ ಅಲ್ಲವೇ ಅಲ್ಲ. ಅದು ನೌಕಾಪಡೆಯದ್ದೂ ಅಲ್ಲ. ನಾನು ಅದನ್ನು ನೋಡಿರುವುದು ಕ್ರೈಸ್ತರ ಸಮಾಧಿ ಕಲ್ಲುಗಳ ಮೇಲೆ, ಇಗರ್ಜಿಯ ಪೀಠದ ಮೇಲೆ. ನೀವು ಹೇಳಿದ ಕೂವೆಕಂಬ ಬಹುಶಃ ಶಿಲುಬೆ. ಗಂಟು ಏನು ಅನ್ನುವುದನ್ನು ಆ ಕಡೆಯವರೇ ಹೇಳಬೇಕು.

ಮೆಡಲುಗಳ ಬಗ್ಗೆ ಮಾತ್ರ ನಾನು ಹೇಳಬಲ್ಲೆ. 1939–45 ಸ್ಟಾರ್‌ಗೆ ಕಡು ನೀಲಿ, ಕೆಂಪು, ತಿಳಿ ನೀಲಿ ಮೂರು ಸಮ ಪಟ್ಟಿಯ ರಿಬ್ಬನ್ ಇರಬೇಕು. ಮೂರು ಬಣ್ಣ ಅಂದರೆ ನೌಕೆ, ಸೇನೆ, ವಿಮಾನ. ಬರ್ಮಾ ಸ್ಟಾರ್‌ನದ್ದು ನಡುವೆ ಅಗಲ ಕೆಂಪು, ಆಚೀಚೆ ನೀಲಿ, ಆ ನೀಲಿಯ ನಡುವೆ ಕಿತ್ತಳೆ ಗೆರೆ; ಕಿತ್ತಳೆ ಸೂರ್ಯನದ್ದು. ದುಂಡಗಿನದರಲ್ಲಿ ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಸಿಂಹ ಇದ್ದರೆ ಅದು ವಾರ್ ಮೆಡಲ್.

ನನಗೆ ಕುತೂಹಲ ಹುಟ್ಟಿಸಿದ್ದು ಆ ಫೋಟೋ. 1943ರಲ್ಲಿ ನಮ್ಮ ನಾವಿಕ ಗ್ಲಾಸ್ಗೋದಲ್ಲಿ ಏನು ಮಾಡುತ್ತಿದ್ದ? ಆ ವರ್ಷ ಗ್ಲಾಸ್ಗೋದ ಕ್ಲೈಡ್ ನದಿಯ ದಂಡೆಯ ಯಾರೋ ಹಡಗುಕಟ್ಟೆಯಲ್ಲಿ (ಯಾರೋ ಅನ್ನುವುದು ಕಂಪನಿಯ ಹೆಸರು, ನಗಬೇಡಿ) ರಾಯಲ್ ಇಂಡಿಯನ್ ನೇವಿಗೆಂದು ಎರಡು ಸ್ಲೂಪ್, ಅಂದರೆ ಬೆಂಗಾವಲಿನ ಯುದ್ಧನೌಕೆ, ತಯಾರಾದವು. ಒಂದರ ಹೆಸರು ಕಿಸ್ಟ್ನಾ, ಇನ್ನೊಂದು ಕಾವೇರಿ. ಸ್ವಾತಂತ್ರ್ಯದ ಮೇಲೆ ಅವೇ ಐಎನ್‌ಎಸ್ ಕೃಷ್ಣಾ, ಐಎನ್‌ಎಸ್ ಕಾವೇರಿ ಆದವು. ಹೊಸ ಹಡಗಿಗೆ ಸಿಬ್ಬಂದಿ ಭಾರತದಿಂದ ಹೋಗಬೇಕಿತ್ತು. ಗ್ಲಾಸ್ಗೋ, 1943, ಬರ್ಮಾ ಸ್ಟಾರ್, ಮೂರನ್ನೂ ಕೂಡಿಸಿದರೆ ನಾನು ಮೊದಲು ಹುಡುಕುವುದು ಈ ಎರಡರಲ್ಲೇ. ಟ್ರಂಕಿನ ಒಳಮುಚ್ಚಳದಲ್ಲಿ ಸರ್ವಿಸ್ ನಂಬರ್ ಬರೆದಿದೆಯೇ ನೋಡಿ. ಸಿಕ್ಕರೆ ಮುಂಬೈ ಮಾನ್‌ಖುರ್ದ್‌ನಲ್ಲಿರುವ ನೌಕಾಪಡೆಯ ಬ್ಯೂರೋ ಆಫ್ ಸೇಲರ್ಸ್‌ಗೆ ಬರೆದು ಕೇಳಿ.

ಮೆಡಲಿಗೆ ಹುಣಿಸೆಹಣ್ಣು ಹಾಕಿ ತಿಕ್ಕಬೇಡಿ, ದಯವಿಟ್ಟು. ಎಲ್ಲರೂ ಮೊದಲು ಮಾಡುವುದು ಅದನ್ನೇ.

ಕಲ್ಯಾಣಪುರ ಟೀಚರ್:

ನಿಮ್ಮ ಪ್ರಶ್ನೆ ಓದಿ ರಾತ್ರಿ ಹನ್ನೊಂದಕ್ಕೆ ಎದ್ದು ನಮ್ಮ ತಾಯಿಯ ಪ್ರಾರ್ಥನಾ ಪುಸ್ತಕದ ಪೆಟ್ಟಿಗೆ ತೆಗೆದೆ. ನಮ್ಮಲ್ಲೂ ಒಂದು ಇತ್ತು. ಈಗ ಬಟ್ಟೆ ಮಾತ್ರ ಉಳಿದಿದೆ, ಒಳಗಿನದನ್ನು ಇಲಿ ತಿಂದಿದೆ. ಇಲಿ ಯಾಕೆ ತಿಂದಿತು ಅನ್ನುವುದರಲ್ಲೇ ಉತ್ತರ ಇದೆ ನೋಡಿ: ಅದು ಜೇನುಮೇಣ.

ಆ ಪ್ರಾಣಿಗೆ ಬೆನ್ನ ಹಿಂದೆ ಒಂದು ಕೋಲು, ಕೋಲಿಗೆ ಒಂದು ಸಣ್ಣ ಬಾವುಟ ಇದೆಯೇ? ಇದ್ದರೆ ಅದು ವರಾಹವೂ ಅಲ್ಲ, ಪಂಜುರ್ಲಿಯೂ ಅಲ್ಲ, ಕುರಿಮರಿ. ಈ ವಸ್ತುವಿನ ಹೆಸರೇ ‘ಆಗ್ನುಸ್ ದೇಯಿ’, ಲ್ಯಾಟಿನ್‌ನಲ್ಲಿ ದೇವರ ಕುರಿಮರಿ. ಐ ಎಚ್ ಎಸ್ ಅಂದರೆ ಗ್ರೀಕ್ ಭಾಷೆಯಲ್ಲಿ ಯೇಸುವಿನ ಹೆಸರಿನ ಮೊದಲ ಮೂರು ಅಕ್ಷರ. ನಮ್ಮ ಪಾದ್ರಿಗಳ ಪೂಜಾವಸ್ತ್ರದ ಮೇಲೆ ಈಗಲೂ ಕಾಣಬಹುದು.

ಕೆಲವರು ಇದನ್ನು ಬೆಂತಿಣ್ ಅಂದುಬಿಡುತ್ತಾರೆ. ಅಲ್ಲ. ಬೆಂತಿಣ್ ಎಂದರೆ ಕಾರ್ಮೆಲ್ ಮಾತೆಯ ಕಂದು ಉಣ್ಣೆಯ ಎರಡು ತುಂಡು, ಎರಡು ದಾರದಿಂದ ಜೋಡಿಸಿದ್ದು, ಒಂದು ಎದೆಗೆ ಒಂದು ಬೆನ್ನಿಗೆ ಬರುವಂತೆ ಹಾಕಿಕೊಳ್ಳುವುದು. ಅದರ ಒಳಗೆ ಏನೂ ಇರುವುದಿಲ್ಲ. ನಿಮ್ಮದರಲ್ಲಿ ಮೇಣದ ಚೂರು ಇದೆ.

ಆ ಮೇಣ ಅಂಗಡಿಯದ್ದಲ್ಲ. ರೋಮಿನಲ್ಲಿ ಹಿಂದಿನ ವರ್ಷದ ಈಸ್ಟರ್ ಮೇಣದಬತ್ತಿಯ ಉಳಿಕೆಯನ್ನು ಬೇರೆ ಮೇಣದ ಜೊತೆ ಕರಗಿಸಿ, ಬಿಲ್ಲೆ ಮಾಡಿ, ಅದರ ಮೇಲೆ ಕುರಿಮರಿಯ ಅಚ್ಚು ಒತ್ತುತ್ತಿದ್ದರು. ಪೋಪರೇ ಅವನ್ನು ಆಶೀರ್ವದಿಸಬೇಕಿತ್ತು. ಅದೂ ಪ್ರತಿ ವರ್ಷ ಅಲ್ಲ, ಪೋಪ್ ಆದ ಮೊದಲ ವರ್ಷ, ಆಮೇಲೆ ಏಳು ವರ್ಷಕ್ಕೊಮ್ಮೆ. 12ನೇ ಪಿಯುಸ್ ಪೋಪ್ ಆದದ್ದು 1939ರ ಮಾರ್ಚ್‌ನಲ್ಲಿ, ಯುದ್ಧ ಶುರುವಾದದ್ದು ಸೆಪ್ಟೆಂಬರ್‌ನಲ್ಲಿ. ದೊಡ್ಡ ಬಿಲ್ಲೆ ಕೊರಳಿಗೆ ಆಗುವುದಿಲ್ಲ. ಅದರ ಸಣ್ಣ ಚೂರನ್ನು ಕಾನ್ವೆಂಟಿನ ಸಿಸ್ಟರುಗಳು ಹೃದಯದ ಆಕಾರದ, ಮೊಟ್ಟೆಯ ಆಕಾರದ ಪುಟ್ಟ ಚೀಲದಲ್ಲಿಟ್ಟು ಹೊಲಿಯುತ್ತಿದ್ದರು. ಇಂಚಿಗೆ ಮೂವತ್ತೆರಡು ಎಳೆ ಅಂದಿರಲ್ಲ. ನನಗೆ ಹೊಲಿಗೆ ಕಲಿಸಿದವರೂ ಒಬ್ಬರು ಸಿಸ್ಟರ್. ಮೂವತ್ತಕ್ಕಿಂತ ಕಡಿಮೆ ಬಂದರೆ ಬಿಚ್ಚಿಸುತ್ತಿದ್ದರು.

ಇನ್ನು ನನ್ನನ್ನು ನಿಜಕ್ಕೂ ಎಬ್ಬಿಸಿ ಕೂರಿಸಿದ ಮಾತು. ನೀವು ಸುಮ್ಮನೆ ದಾಟಿಸಿ ಹೇಳಿದ್ದೀರಿ, ಹೆರಿಗೆಯಲ್ಲಿ ದಿಂಬಿನಡಿ ಇಡುತ್ತಿದ್ದರು ಎಂದು. ಆಗ್ನುಸ್ ದೇಯಿ ಯಾವುದರಿಂದ ಕಾಯುತ್ತದೆ ಎಂದು ಹಳಬರು ಎಣಿಸುವುದುಂಟು: ಬಿರುಗಾಳಿ, ಸಿಡಿಲು, ಬೆಂಕಿ, ನೆರೆ, ಕಡಲಿನ ಅಪಾಯ. ಕೊನೆಗೆ ಹೆರಿಗೆ. ಬಸುರಿಯರಿಗೆ ಇದನ್ನು ಕೊಡುವುದು ತೀರಾ ಹಳೆಯ ಪದ್ಧತಿ. ಮಾರಸ್ವಾಮಿ ಪ್ರಸಾದವನ್ನು ನಿಮ್ಮ ಊರಿನಲ್ಲಿ ಬೇರೆ ಯಾರಾದರೂ ದಿಂಬಿನಡಿ ಇಡುತ್ತಾರೆಯೇ, ಕೇಳಿ ನೋಡಿ. ಇಲ್ಲವಾದರೆ ಈ ರೂಢಿಯನ್ನು ನಿಮ್ಮಜ್ಜಿಗೆ ಹೇಳಿಕೊಟ್ಟವರು ದೊಡ್ಡಜ್ಜನೇ. ಅವರಿಗೆ ಹೇಳಿದವರು ಅದನ್ನು ಕೊಟ್ಟವರು. ತನ್ನ ಕೊರಳಲ್ಲಿರುವುದು ಏನು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬಿಚ್ಚುವುದು ಬೇಡ. ಕತ್ತಲೆಯಲ್ಲಿ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ, ಮೇಣದೊಳಗೆ ಬೆಳಕು ಹಾಯುತ್ತದೆ. ಕಲ್ಲು, ತಗಡು ಆದರೆ ಹಾಯುವುದಿಲ್ಲ. ಬಿಳೀ ಪುಡಿ ಬೂಸ್ಟು ಅಲ್ಲ, ಹಳೇ ಜೇನುಮೇಣದ ಮೇಲೆ ತಾನಾಗಿ ಬರುವ ಹೊಗರು. ಮೆತ್ತನೆ ಬಟ್ಟೆಯಲ್ಲಿ ಮೆಲ್ಲನೆ ಒರೆಸಿದರೆ ಹೋಗುತ್ತದೆ. ಮತ್ತೆ ದಯವಿಟ್ಟು ಅದನ್ನು ದೀಪದ ಪಕ್ಕದಿಂದ ಇವತ್ತೇ ತೆಗೆಯಿರಿ. ಇಷ್ಟು ವರ್ಷ ಕರಗದೆ ಉಳಿದದ್ದೇ ಹೆಚ್ಚು.

ಕೋಡಿ ಹುಡುಗ:

ಟೀಚರ್, ಹಿಂದೂ ನಾವಿಕನಿಗೆ ಇದು ಸಿಕ್ಕಿದ್ದು ಹೇಗೆ ಅಂತ?

ಪಟ್ಟಿ ಮೆಡಲು:

ಸಿಗಲು ದಾರಿ ಬೇಕಾದಷ್ಟಿದೆ. ನೌಕಾಪಡೆಯಲ್ಲಿ ಗೋವಾ, ಮಂಗಳೂರು ಕಡೆಯ ಕ್ರೈಸ್ತರಿದ್ದರು, ಬ್ರಿಟಿಷರಲ್ಲಿ ಐರಿಷ್ ಕ್ಯಾಥೊಲಿಕರಿದ್ದರು. ಗ್ಲಾಸ್ಗೋ ಕೂಡ ನೆನಪಿಡಿ. ಕ್ಯಾಥೊಲಿಕ್ ನಾವಿಕರಿಗಾಗಿ ‘ಅಪೋಸಲ್‌ಶಿಪ್ ಆಫ್ ದಿ ಸೀ’ ಎಂಬ ಸಂಘ 1920ರಲ್ಲಿ ಶುರುವಾದದ್ದು ಅದೇ ಊರಿನಲ್ಲಿ. ಅಲ್ಲಿಂದಲೇ ಬಂತು ಎಂದು ನಾನು ಪಟ್ಟು ಹಿಡಿಯುವುದಿಲ್ಲ. ಒಂದು ತಮಾಷೆ ಮಾತ್ರ ಹೇಳುತ್ತೇನೆ: 1571ರಲ್ಲಿ, ಒಂದನೇ ಎಲಿಜಬೆತ್ ರಾಣಿಯ ಕಾಲದಲ್ಲಿ, ಆಗ್ನುಸ್ ದೇಯಿಯನ್ನು ಇಂಗ್ಲೆಂಡಿನೊಳಗೆ ತರುವುದನ್ನೇ ಕಾನೂನು ಮಾಡಿ ನಿಷೇಧಿಸಿದ್ದರು. ಅದೇ ಸಿಂಹಾಸನದ ದೊರೆಯ ಹಡಗಿನಲ್ಲಿ ತ್ರಾಸಿಯವರೊಬ್ಬರು ಕೊರಳಿಗೆ ಹಾಕಿಕೊಂಡು ಓಡಾಡಿದ್ದಾರೆ.

ಮಾಜಿ ಸಾರಂಗ:

ಟೈಲರಮ್ಮ, ನಾನು ವ್ಯಾಪಾರಿ ಹಡಗಿನಲ್ಲಿ ಖಲಾಸಿಯಾಗಿ ಸೇರಿ ಸಾರಂಗನಾಗಿ, ಅಂದರೆ ಖಲಾಸಿಗಳ ಮುಖಂಡನಾಗಿ, ಇಳಿದವನು, ಮೂವತ್ತೊಂದು ವರ್ಷ. ದೇವರ ವಿಷಯ ಟೀಚರ್ ಹೇಳಿದ್ದಾರೆ, ನಾನು ಆ ಒರಟು ಹೊಲಿಗೆಯ ಬಗ್ಗೆ ಹೇಳುತ್ತೇನೆ.

ಮೀನಿನ ಮುಳ್ಳಿನ ಹಾಗೆ ಅಂದಿರಲ್ಲ, ಅದು ಕ್ಯಾನ್ವಾಸ್ ಹರಿದಾಗ ಹಡಗಿನವರು ಹಾಕುವ ಹೊಲಿಗೆ. ಹೆರಿಂಗ್‌ಬೋನ್ ಅಂತಲೇ ಹೆಸರು. ಹರಿದ ಎರಡು ಅಂಚು ಒಂದರ ಮೇಲೊಂದು ಏರದೆ, ಮಗ್ಗುಲಿಗೆ ಮಗ್ಗುಲು ಕೂರುತ್ತವೆ. ಹೊಸಬರಿಗೆ ನಾನೇ ಕಲಿಸಿದ್ದೇನೆ. ದಾರಕ್ಕೆ ಜೇನುಮೇಣ ಉಜ್ಜಿಯೇ ಹೊಲಿಯಬೇಕು, ಇಲ್ಲದಿದ್ದರೆ ಉಪ್ಪುನೀರಿಗೆ ಕೊಳೆಯುತ್ತದೆ. ಹಾಗಾಗಿ ವಾಸನೆ ದಾರದ್ದು ಎಂದು ನೀವು ಹೇಳಿದ್ದೂ ಸುಳ್ಳಲ್ಲ, ಎರಡು ಮೇಣ ಸೇರಿವೆ ಅಲ್ಲಿ.

ಆ ಹೊಲಿಗೆ ಹಾಕಲು ಮನೆಯ ಸೂಜಿ ಆಗುವುದಿಲ್ಲ. ತುದಿ ಮೂರು ಮೂಲೆ ಇರುವ ಸೂಜಿ ಬೇಕು, ಅಂಗೈಗೆ ಚರ್ಮದ ಪಟ್ಟಿ ಹಾಕಿ ಒತ್ತುವಂಥದ್ದು. ಟ್ರಂಕಿನಲ್ಲಿ ಅಂಥ ಸೂಜಿ ಇದೆಯಾ ನೋಡಿ. ಇದ್ದರೆ ಎರಡನೇ ಕೈ ಯಾರದ್ದು ಅಂತ ನಾನು ಹೇಳಬೇಕಾಗಿಲ್ಲ.

ತ್ರಾಸಿ ಟೈಲರ್:

ಎಲ್ಲರಿಗೂ ನಮಸ್ಕಾರ. ತಡ ಆಯಿತು, ಮದುವೆ ಸೀಸನ್, ಹದಿನೆಂಟು ರವಿಕೆ ಬಾಕಿ ಇತ್ತು.

ಬಾವುಟ ಇದೆ. ದೇವರ ಸೊಂಡಿಲೋ ಬಾಲವೋ ಎಂದು ನಾವು ಜಗಳಾಡುತ್ತಿದ್ದದ್ದು ಬಾವುಟ. ನಿನ್ನೆ ರಾತ್ರಿ ಕರೆಂಟ್ ಹೋದಾಗ ಮಗ ಟಾರ್ಚ್ ಹಿಡಿದ, ಅಮ್ಮನೂ ನೋಡಿದರು. ಬೆಳಕು ಹಾಯಿತು, ಹಲಸಿನ ತೊಳೆಯ ಬಣ್ಣಕ್ಕೆ. ಒಳಗಿನದು ಮೂರು ಚೂರಾಗಿದೆ, ನಡುವೆ ಕಪ್ಪು ಗೆರೆ ಕಾಣುತ್ತದೆ. ಒರೆಸಿದರೆ ಪುಡಿಯೂ ಹೋಯಿತು.

ಟಾರ್ಚಿನಲ್ಲಿ ಇನ್ನೊಂದು ಕಂಡಿತು, ಅದು ಹೊಲಿಯುವವರಿಗೆ ಮಾತ್ರ ಕಾಣುವಂಥದ್ದು. ದೊಡ್ಡಜ್ಜನ ಹೊಲಿಗೆ ಇರುವ ಕಡೆಯೇ ಒಂದು ಚೂರು ಅಂಚಿಗೆ ಬಂದು ನಿಂತಿದೆ. ಬರೀ ಹರಿದ ಬಟ್ಟೆ ಮುಚ್ಚಲು ಅಷ್ಟು ಬಿಗಿ ಬೇಡ. ಮೇಣ ಒಡೆದ ಮೇಲೆ, ಚೂರು ಹೊರಗೆ ಬೀಳಬಾರದೆಂದು ಸ್ಯಾಟಿನ್ ಎಳೆದು ಕಟ್ಟಿದ್ದಾರೆ. ಹೇಗೆ ಒಡೆಯಿತೋ. ಕೊರಳಲ್ಲಿದ್ದಾಗ ಎದೆಗೆ ಪೆಟ್ಟು ಬಿದ್ದಿರಬೇಕು.

ಹೆರಿಗೆ ಮಾತು ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಒಂದು ಹೇಳಿದರು: ಗಂಗೊಳ್ಳಿ ಇಗರ್ಜಿ ಹಬ್ಬಕ್ಕೆ ದೊಡ್ಡಜ್ಜ ವರ್ಷವೂ ಹೋಗುತ್ತಿದ್ದರು, ಕಂಕುಳಲ್ಲಿ ಒಂದು ಪ್ಯಾಕ್ ಮೇಣದಬತ್ತಿ ಇರುತ್ತಿತ್ತು. ಜಾತ್ರೆ ವ್ಯಾಪಾರಕ್ಕೆ ಹೋಗುತ್ತಾರೆ ಎಂದು ಎಲ್ಲರೂ ತಿಳಿದಿದ್ದರು. ಸೋಡದ ಪೆಟ್ಟಿಗೆ ಮಾತ್ರ ಆ ದಿನ ಜಗಲಿಯಲ್ಲೇ ಇರುತ್ತಿತ್ತಂತೆ, ಯಾರೂ ಗಮನಿಸಲಿಲ್ಲ.

ಇಷ್ಟು ಹೇಳಿ ಅಮ್ಮ, ‘ದೀಪದ್ ಬದಿ ಇಡುಕಾಗ ಅಂದ್ರಲ್ಲೆ, ತೆಗ್ದ್ ಈಚಿಗ್ ಇಡ್’ ಅಂದರು. ಈಗ ಅದು ನನ್ನ ಬಾಬಿನ್ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿದೆ, ಹೊಲಿಗೆ ಮಿಷಿನಿನ ಪಕ್ಕ. ಬೆಳಿಗ್ಗೆ ಅಮ್ಮ ಡಬ್ಬಿಯ ಮೇಲೆ ಒಂದು ದಾಸವಾಳ ಇಟ್ಟು ಹೋಗುತ್ತಾರೆ. ಬಾಬಿನ್ ಬೇಕಾದಾಗಲೆಲ್ಲ ಹೂ ತೆಗೆದು ಪಕ್ಕಕ್ಕಿಡುವುದು ನನಗೊಂದು ಕೆಲಸ.

ಸರ್ವಿಸ್ ನಂಬರ್ ಸಿಕ್ಕಲಿಲ್ಲ ಸರ್, ಒಳಮುಚ್ಚಳಕ್ಕೆ ಯಾರೋ ಹಸಿರು ಪೇಂಟ್ ಬಳಿದಿದ್ದಾರೆ. ಹುಣಿಸೆಹಣ್ಣು ಹಚ್ಚಿಲ್ಲ.

ಸಾರಂಗರೇ, ಸೂಜಿ ಸಿಕ್ಕಿತು. ಚೂರಿಯ ಚರ್ಮದ ಚೀಲದ ತಳದಲ್ಲಿ ಸಿಕ್ಕಿಕೊಂಡಿತ್ತು. ಮೂರು ಮೂಲೆಯದೇ. ತುಕ್ಕು ಹಿಡಿದಿದೆ, ಕಣ್ಣಿನಲ್ಲಿ ಒಂದು ಗೇಣು ದಾರ ಹಾಗೇ ಇದೆ.